ಮನೆ ಶಿಫ್ಟಿಂಗ್ ಲಾಗ್: ವಾರ್ಡ್‌ರೋಬ್, ಸೋಫಾ, ಮತ್ತೆ ಸಿಕ್ಕಾಪಟ್ಟೆ ಸ್ಕ್ರೂ

ಚಳಿ ಬಿಟ್ಟಿತ್ತು, ಬಿಸಿಲು ಇನ್ನೂ ಸುಡೋಕೆ ಶುರು ಆಗಿರ್ಲಿಲ್ಲ, ಮನೆ ಬದಲಾಯ್ಸೋದಿದ್ರೆ ಇದೇ ಟೈಮು ಅಂತ ಮನೇಲಿ ಎಲ್ರೂ ಒಪ್ಕೊಂಡ್ರು. ಹಗಲು ಉದ್ದ ಇರತ್ತೆ, ಸಾಮಾನು ಹೊತ್ರೆ ಜೀವ ಹೋಗೋ ಹಾಗೆ ಬೆವರಲ್ಲ, ರಗ್ಗು ಸ್ವೆಟರ್ ಎಲ್ಲಾ ಹೇಗೂ ಒಳಗಿಡೋ ಕಾಲ ಆದ್ರಿಂದ ಅವನ್ನ ಮೊದ್ಲೇ ಕಟ್ಟಿದ್ರೂ ಯಾರಿಗೂ ತೊಂದ್ರೆ ಇಲ್ಲ. ಒಂದೇ ತಲೆನೋವು ಅಂದ್ರೆ ಈ ಕಾಲದ ಮೋಡಾನ ನಂಬೋ ಹಾಗಿಲ್ಲ, ಬೆಳಿಗ್ಗೆ ಫಳಫಳ ಬಿಸಿಲಿದ್ರೂ ಸಂಜೆ ಮಳೆ ಹೊಡ್ದೇ ಬಿಡ್ಬೋದು. ಅದನ್ನೂ ಸೇರಿಸ್ಕೊಂಡೇ ಪ್ಲ್ಯಾನ್ ಮಾಡ್ದೆ.

ಏನೇನ್ ಬಿಚ್ಚಿದೆ, ಹೇಗೆ ವಾಪಸ್ ಜೋಡಿಸ್ದೆ, ಎಲ್ಲಿ ರಿಪೇರಿ ಬಂತು ಅಂತ ಬರೆದಿಟ್ಕೊಂಡಿದ್ದನ್ನೇ ಇಲ್ಲಿ ಹಾಕ್ತಿದೀನಿ. ನನ್ ಲೆಕ್ಕ ಇಷ್ಟೇ, ಪ್ಲ್ಯಾನ್ ಅನ್ನೋದು ಹೊಸ ಮನೆ ಕಡೆಯಿಂದ ಹಿಂದಕ್ಕೆ ಬರ್ಬೇಕು. ಅಲ್ಲಿ ಮೊದ್ಲು ಯಾವ್ದು ನಿಲ್ಬೇಕು, ಅದು ನಿಲ್ಬೇಕಂದ್ರೆ ಗಾಡಿಯಿಂದ ಯಾವಾಗ ಇಳೀಬೇಕು, ಹಾಗಾದ್ರೆ ಗಾಡಿಗೆ ಯಾವಾಗ ಹತ್ಬೇಕು, ಅದಕ್ಕೂ ಮುಂಚೆ ಯಾವಾಗ ಬಿಚ್ಚಿರ್ಬೇಕು. ಎಲ್ರೂ ಶಿಫ್ಟಿಂಗ್ ಅಂದ ತಕ್ಷಣ ಡಬ್ಬ ಹುಡುಕ್ಕೊಂಡು ಓಡ್ತಾರಲ್ಲ, ಡಬ್ಬ ನಾಳೆ ಬೇಕಾದ್ರೂ ಸಿಗತ್ತೆ, ಮೊದ್ಲು ಬೇಕಾಗಿರೋದು ಅಳತೆ ಟೇಪು.

ಅಳತೆ

ಹೊಸ ಮನೆ ಕೀ ಸಿಕ್ಕಿದ ಕೂಡ್ಲೇ ಟೇಪು, ಪೆನ್ಸಿಲ್ಲು, ಒಂದು ಗ್ರಾಫ್ ಶೀಟು ತಗೊಂಡ್ ಹೋಗಿ ಮೇನ್ ಡೋರಿಂದ ಹಿಡಿದು ಬಚ್ಚಲ ಬಾಗಿಲ ತನಕ ಎಲ್ಲಾ ಅಳೆದೆ. ಬಾಗಿಲಿನ ಅಗಲ ಅಂದ್ರೆ ಚೌಕಟ್ಟಿಂದ ಚೌಕಟ್ಟಿಗೆ ಅಳೆಯೋದಲ್ಲ, ಬಾಗಿಲು ಪೂರ್ತಿ ತೆಗೆದಾಗ ಅದ್ರ ದಪ್ಪ ಒಳಗೆ ಚಾಚ್ಕೊಂಡಿರತ್ತೆ ನೋಡಿ, ಅದನ್ನ ಕಳೆದು ಉಳಿಯೋ ಜಾಗ. ನಮ್ಮದು ಹಾಗೆ ಅಳೆದ್ರೆ 78 ಸೆಂ.ಮೀ. ಬಂತು. ಬಾಗಿಲನ್ನೇ ಹಿಂಜಿಂದ ಎತ್ತಿ ಪಕ್ಕಕ್ಕಿಟ್ರೆ 82. ಆ ನಾಲ್ಕು ಸೆಂಟಿಮೀಟರ್ ಎಷ್ಟು ದೊಡ್ಡದು ಅನ್ನೋದು ಸೋಫಾ ಮಧ್ಯದಲ್ಲಿ ಸಿಕ್ಕಾಕ್ಕೊಂಡವ್ರಿಗೆ ಮಾತ್ರ ಗೊತ್ತಿರತ್ತೆ. ಎತ್ತೋದು ಕಷ್ಟ ಏನಿಲ್ಲ, ಪಿನ್ನು ಹೊರಗೆ ಬರೋ ತರದ ಹಿಂಜಾದ್ರೆ ಬಾಗಿಲ ಕೆಳಗೆ ಒಂದು ಮರದ ತುಂಡು ಬಿಗಿಯಾಗಿ ಕೊಟ್ಟು, ಹಿಂಜಿನ ಪಿನ್ನಿಗೆ ಕೆಳಗಿಂದ ಮೊಳೆ ಇಟ್ಟು ಮೆಲ್ಲಗೆ ಕುಟ್ಟಿದ್ರೆ ಮೇಲೆ ಬರತ್ತೆ. ಕೆಳಗಿನ ಹಿಂಜು ಮೊದ್ಲು, ಮೇಲಿನದು ಕೊನೇಲಿ, ಉಲ್ಟಾ ಮಾಡಿದ್ರೆ ಬಾಗಿಲು ಮೈ ಮೇಲೆ ವಾಲತ್ತೆ.

ಆಮೇಲೆ ಪ್ಯಾಸೇಜು. ಒಳಗೆ ಹೋಗ್ತಿದ್ದ ಹಾಗೆ ಪ್ಯಾಸೇಜು ಎಲ್ ಆಕಾರದಲ್ಲಿ ತಿರುಗತ್ತೆ, ಎರಡೂ ಕಡೆ ಅಗಲ 90 ಸೆಂ.ಮೀ. ಇಂಥಾ ಮೂಲೇಲಿ ಎಷ್ಟು ಉದ್ದದ ಸಾಮಾನು ತಿರುಗತ್ತೆ ಅನ್ನೋಕೆ ಒಂದು ಸುಲಭದ ಲೆಕ್ಕ ಇದೆ. ಎರಡೂ ಕಡೆ ಅಗಲ ಒಂದೇ ಇದ್ರೆ, ಆ ಅಗಲಾನ 1.414ರಿಂದ ಗುಣಿಸಿ, ಅದ್ರಲ್ಲಿ ಸಾಮಾನಿನ ದಪ್ಪ ಕಳೀರಿ, ಬಂದದ್ದನ್ನ ಎರಡರಿಂದ ಗುಣಿಸಿ. 90 ಇಂಟು 1.414 ಅಂದ್ರೆ 127 ಚಿಲ್ರೆ. ವಾರ್ಡ್‌ರೋಬ್ 60 ದಪ್ಪ, ಹಾಗಾಗಿ 67, ಅದ್ರ ಡಬಲ್ 134. ನಮ್ಮ ವಾರ್ಡ್‌ರೋಬ್ 220 ಎತ್ತರ, ಮಲಗಿಸ್ಕೊಂಡು ತಿರುಗ್ಸೋ ಮಾತೇ ಇಲ್ಲ. ನಿಲ್ಲಿಸ್ಕೊಂಡು ಹೋಗಣ ಅಂದ್ರೆ ಬಾಗಿಲು ಇರೋದೇ 200 ಎತ್ತರ. ಅಂದ್ರೆ ಪೂರ್ತಿ ಬಿಚ್ಚಲೇಬೇಕು. ಆದ್ರೆ ಬಿಚ್ಚಿದ ಸೈಡ್ ಪ್ಯಾನೆಲ್ಲು 1.8 ಸೆಂ.ಮೀ. ದಪ್ಪ ಅಷ್ಟೇ, ಅಂಚಿನ ಮೇಲೆ ನಿಲ್ಲಿಸಿ ಹಿಡ್ಕೊಂಡ್ರೆ 251 ಉದ್ದದ್ದೂ ತಿರುಗತ್ತೆ, 220 ಆರಾಮಾಗಿ ಹೋಗತ್ತೆ. ಹೊತ್ಕೊಂಡು ಬಂದು ಬಾಗಿಲ ಮುಂದೆ ನಿಂತು ತಲೆ ಕೆರ್ಕೊಳ್ಳೋ ಬದ್ಲು ಪೇಪರ್ ಮೇಲೇ ಇದು ಮುಗೀತು.

ಈ ಮೂಲೆ ತಿರುಗ್ಸೋ ತಲೆನೋವು ಗಣಿತದವ್ರಿಗೂ ಇತ್ತಂತೆ. 1966ರಲ್ಲಿ ಲಿಯೋ ಮೋಸರ್ ಅನ್ನೋರು ಕೇಳಿದ ಪ್ರಶ್ನೆ, ಒಂದು ಮೀಟರ್ ಅಗಲದ ಎಲ್ ಪ್ಯಾಸೇಜಲ್ಲಿ ಎತ್ತದೆ ಬಗ್ಗಿಸದೆ ನೆಲದ ಮೇಲೇ ಜಾರಿಸ್ಕೊಂಡು ತಿರುಗ್ಸೋಕಾಗೋ ಅತಿ ದೊಡ್ಡ ಆಕಾರ ಯಾವ್ದು ಅಂತ. 1992ರಲ್ಲಿ ಜೋಸೆಫ್ ಗರ್ವರ್ ಸುಮಾರು 2.2195 ಚದರ ಮೀಟರಿಂದು ಒಂದು ಆಕಾರ ಕೊಟ್ರು, ಹಳೇ ಟೆಲಿಫೋನ್ ರಿಸೀವರ್ ತರ ಕಾಣತ್ತೆ ಅದು, ಕೂರೋಕೆ ಹೇಗಿರತ್ತೋ ದೇವ್ರೇ ಬಲ್ಲ. ಅದಕ್ಕಿಂತ ದೊಡ್ಡದು ಸಾಧ್ಯಾನೇ ಇಲ್ಲ ಅಂತ 2024ರಲ್ಲಿ ಜಿನಿಯೋನ್ ಬೇಕ್ ನೂರು ಪುಟ ಮೀರಿದ ಪ್ರೂಫ್ ಹಾಕಿದಾರೆ. ನಮ್ಮ ಪುಣ್ಯ, ನಮಗೆ ಸೋಫಾನ ಎತ್ತಿ ನಿಲ್ಲಿಸೋ ಪರ್ಮಿಷನ್ ಇದೆ.

ಸೋಫಾಕ್ಕೆ ಫಾರ್ಮುಲಾ ಹಾಕ್ತಾ ಕೂರ್ಲಿಲ್ಲ. ಗ್ರಾಫ್ ಶೀಟಲ್ಲಿ 10 ಸೆಂಟಿಮೀಟರಿಗೆ ಒಂದು ಸೆಂಟಿಮೀಟರ್ ಅಂತ ಸೋಫಾದ ಸೈಡ್ ಆಕಾರ ಬರೆದು ರಟ್ಟಲ್ಲಿ ಕತ್ತರಿಸ್ದೆ, ಒರಗೋ ಬೆನ್ನು ಸಮೇತ ಕುರ್ಚಿ ಪಕ್ಕದಿಂದ ನೋಡಿದ ಹಾಗೆ. ಇನ್ನೊಂದು ರಟ್ಟಿನ ತುಂಡಲ್ಲಿ 8.2 ಸೆಂಟಿಮೀಟರ್ ಗ್ಯಾಪು ಬಿಟ್ಟು ಬಾಗಿಲು ಮಾಡಿ ಮೇಜಿನ ಮೇಲೆ ತೂರಿಸಿ ನೋಡ್ದೆ. ನೇರ ಹೋಗಲ್ಲ. ಸೋಫಾನ ಉದ್ದುದ್ದ ನಿಲ್ಲಿಸಿ, ಬೆನ್ನಿನ ಭಾಗ ಮೊದ್ಲು ಒಳಗೆ ಬಿಟ್ಟು, ಚೌಕಟ್ಟಿನ ಸುತ್ತ ಕೊಕ್ಕೆ ಹಾಕಿದ ಹಾಗೆ ತಿರುಗಿಸಿದ್ರೆ ಸಲೀಸಾಗಿ ಹೋಗತ್ತೆ. ಕಾಲು ಬಿಚ್ಚಿರ್ಬೇಕು ಅಷ್ಟೇ, ಅವು ತಿರುಗಿಸಿ ತೆಗೆಯೋ ಕಾಲುಗಳು, ಕೈಯಲ್ಲೇ ಬರ್ತವೆ. ನನ್ ಹೆಂಡ್ತಿ ತಮ್ಮ ಹೆಲ್ಪಿಗೆ ಬಂದಿದ್ದ, ಅದನ್ನ ನೋಡಿ "ನಿಮ್ ರಟ್ಟಿನ ಸೋಫಾ ಏನೋ ಒಳಗೋಯ್ತು ಭಾವ, ನಿಜವಾದ್ದನ್ನ ಯಾರು ಹೋಗ್ಸೋದು?" ಅಂದ. "ಅದಕ್ಕೇ ಅಲ್ವೇನೋ ನಿನ್ನ ಕರ್ಸಿರೋದು" ಅಂದೆ.

ಬಿಚ್ಚೋ ಕೆಲ್ಸ

ವಾರ್ಡ್‌ರೋಬ್ ಪಾರ್ಟಿಕಲ್ ಬೋರ್ಡಿಂದು, ಒಂದ್ಸಲ ಬಿಚ್ಚಿ ಜೋಡಿಸಿದ್ದು. ಈ ಬೋರ್ಡ್ ಅಂದ್ರೆ ಮರದ ಚೂರನ್ನ ಗೋಂದು ಹಾಕಿ ಒತ್ತಿರೋದು, ಸ್ಕ್ರೂ ಹಿಡಿತ ಒಂದ್ಸಲ ಹೋಯ್ತು ಅಂದ್ರೆ ಮತ್ತೆ ಅದೇ ತೂತಿಗೆ ಹಾಕಿದ್ರೆ ಸುಮ್ನೆ ಸುತ್ತತ್ತೆ. ಹಾಗಾಗಿ ಬಿಚ್ಚುವಾಗ ಅರ್ಜೆಂಟ್ ಮಾಡ್ಬಾರ್ದು, ಪವರ್ ಡ್ರೈವರ್ ಬದಿಗಿಟ್ಟು ಕೈ ಸ್ಕ್ರೂಡ್ರೈವರ್ ಹಿಡಿದೆ.

ಮೊದ್ಲು ಫೋಟೋ. ಪೂರ್ತಿ ಬೀರು ಒಂದು ಫೋಟೋ ತೆಗೆದ್ರೆ ಪ್ರಯೋಜನ ಇಲ್ಲ, ಒಂದೊಂದು ಜಾಯಿಂಟಿಂದೂ ಬೇಕು, ಮುಖ್ಯವಾಗಿ ಡ್ರಾಯರ್ ಚಾನೆಲ್ಲು ಯಾವ ತೂತಲ್ಲಿ ಕೂತಿದೆ ಅನ್ನೋದು. ಆಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಎರಡು ಪ್ಯಾನೆಲ್ ಎಲ್ಲಿ ಸೇರ್ತವೋ ಅಲ್ಲಿ ಎರಡರ ಮೇಲೂ ಒಂದೇ ಅಕ್ಷರ ಬರೆದೆ, ಕ ಬಂದು ಕ ಜೊತೆ, ಗ ಬಂದು ಗ ಜೊತೆ. ಪ್ಯಾನೆಲ್ಲಿಗೆ 'ಎಡ' 'ಬಲ' ಅಂತ ಬರೆದ್ರೆ ಉಲ್ಟಾ ಮಲಗಿಸಿದಾಗ ಯಾರ ಎಡ ಅಂತ ಜಗಳ ಶುರು ಆಗತ್ತೆ. ಟೇಪನ್ನ ಬಿಸಿಲು ಬೀಳೋ ಜಾಗದಲ್ಲಿ ಹೆಚ್ಚು ದಿನ ಬಿಡ್ಬೇಡಿ, ಗೋಂದು ಲ್ಯಾಮಿನೇಟ್ ಮೇಲೇ ಉಳ್ಕೊಳ್ಳತ್ತೆ.

ಬಾಗಿಲುಗಳು ಮೊದ್ಲು ಇಳೀಬೇಕು, ಭಾರ ಎಲ್ಲಾ ಅವೇ. ಒಳಗಿನ ಶೆಲ್ಫು, ಡ್ರಾಯರು, ಬಟ್ಟೆ ನೇತಾಕೋ ರಾಡು ಎಲ್ಲಾ ಆದ್ಮೇಲೆ ಹಿಂದಿನ ತೆಳು ಶೀಟು. ಈ ಶೀಟನ್ನ ಎಲ್ರೂ ಕೇರ್ ಮಾಡಲ್ಲ, ಸಣ್ಣ ಮೊಳೆ ಹೊಡೆದು ಕೂರಿಸಿರ್ತಾರೆ, ಎಳೆದು ಕಿತ್ತು ಬಿಸಾಕ್ತಾರೆ. ಆದ್ರೆ ಇಡೀ ಪೆಟ್ಟಿಗೆ ಓಲಾಡದೆ ಚೌಕವಾಗಿ ನಿಂತಿರೋದೇ ಅದ್ರಿಂದ. ಚಪ್ಪಟೆ ಸ್ಕ್ರೂಡ್ರೈವರ್ ಸಂದಿಗೆ ಕೊಟ್ಟು ಮೊಳೆ ಪಕ್ಕ ಪಕ್ಕದಲ್ಲೇ ಎಬ್ಬಿಸ್ತಾ ಬಂದ್ರೆ ಹರಿಯದೆ ಬರತ್ತೆ.

ಪ್ಯಾನೆಲ್ ಸೇರಿಸಿರೋದು ಕ್ಯಾಮ್ ಲಾಕಲ್ಲಿ, ಆ ದುಂಡಗಿನ ತಿರುಗೋ ಬಿಲ್ಲೆ. ಅದನ್ನ ಸ್ಕ್ರೂ ತರ ಸುತ್ತು ಸುತ್ತು ತಿರುಗಿಸೋ ಹಾಗಿಲ್ಲ, ಸುಮಾರು ಅರ್ಧ ಸುತ್ತು ಅಷ್ಟೇ, ಮೇಲಿರೋ ಬಾಣದ ಗುರುತು ಬೋರ್ಡಿನ ಅಂಚಿಗೆ ಮುಖ ಮಾಡಿದ್ರೆ ಲಾಕು ಬಿಟ್ಟಿದೆ ಅಂತ ಅರ್ಥ. ಬಿಟ್ಟ ಮೇಲೂ ಪ್ಯಾನೆಲ್ ಬರ್ಲಿಲ್ಲ ಅಂದ್ರೆ ಒಳಗಿನ ಮರದ ಗೂಟ ಗೋಂದಲ್ಲಿ ಹಿಡ್ಕೊಂಡಿರತ್ತೆ, ಬಟ್ಟೆ ಸುತ್ತಿದ ಮರದ ತುಂಡಿಟ್ಟು ಜಾಯಿಂಟಿನ ಹತ್ರಾನೇ ತಟ್ಟಬೇಕು. ದೂರದ ತುದಿ ಹಿಡ್ಕೊಂಡು ಅಲ್ಲಾಡಿಸಿದ್ರೆ ತೂತಿನ ಅಂಚು ಪುಡಿ ಪುಡಿ ಆಗತ್ತೆ.

ಸ್ಕ್ರೂಗಳ ವಿಷ್ಯದಲ್ಲಿ ಎರಡು ಪಂಗಡ ಇದೆ. ಒಂದು, ಕವರಿಗೆ ಹಾಕಿ ಆಯಾ ಪ್ಯಾನೆಲ್ಲಿಗೇ ಟೇಪ್ ಅಂಟಿಸೋರು. ಇನ್ನೊಂದು, ಎಲ್ಲಾ ಕವರೂ ಒಂದೇ ಡಬ್ಬದಲ್ಲಿಟ್ಟು ಕೈಯಲ್ಲೇ ಹಿಡ್ಕೊಂಡು ಹೋಗೋರು. ನಾನು ಎರಡನೇ ಪಂಗಡ. ಪ್ಯಾನೆಲ್ ಮೇಲೆ ಪ್ಯಾನೆಲ್ ಒರಗಿಸಿ ಸಾಗಿಸುವಾಗ ಮಧ್ಯೆ ಸ್ಕ್ರೂ ಕವರ್ ಸಿಕ್ಕಾಕ್ಕೊಂಡ್ರೆ ಲ್ಯಾಮಿನೇಟಲ್ಲಿ ಗೀರು ಗ್ಯಾರಂಟಿ.

ಮಂಚ ಹೈಡ್ರಾಲಿಕ್ಕು, ಇದ್ರಲ್ಲಿ ಸ್ವಲ್ಪ ಹುಷಾರು. ಗ್ಯಾಸ್ ರಾಡುಗಳು ಹಾಸಿಗೆಯ ಭಾರಕ್ಕೆ ತಕ್ಕ ಹಾಗೆ ಸೆಟ್ ಆಗಿರ್ತವೆ, ಹಾಸಿಗೆ ತೆಗೆದ್ರೆ ಮೇಲಿನ ಹಲಗೆ ತಾನೇ ಎಗರಿ ನಿಲ್ಲೋಕೆ ನೋಡತ್ತೆ. ಹಲಗೆ ಪೂರ್ತಿ ಮೇಲೆತ್ತಿ, ರಾಡು ಪೂರ್ತಿ ಚಾಚ್ಕೊಂಡಿರುವಾಗ, ಇನ್ನೊಬ್ರು ಹಲಗೆ ಹಿಡ್ಕೊಂಡಿರುವಾಗ ಮಾತ್ರ ಬಿಚ್ಚಬೇಕು. ಅರ್ಧ ಮುಚ್ಚಿದಾಗ ಬಿಚ್ಚೋಕೆ ಹೋದ್ರೆ ರಾಡಿನ ತುದಿ ಮುಖಕ್ಕೇ ಬರತ್ತೆ. ರಾಡು ಹೋದ್ಮೇಲೆ ಆ ಹಲಗೆ ಭಾರ ಎಷ್ಟು ಅಂತ ಗೊತ್ತಾಗತ್ತೆ ನೋಡಿ.

ಗೋಡೆ

ಹಳೇ ಮನೆ ಗೋಡೆಯಿಂದ ಟಿವಿ ಬ್ರಾಕೆಟ್ಟು, ಶೆಲ್ಫು ತೆಗೆದ ತೂತು ಮುಚ್ಚೋದಿತ್ತು. ಪ್ಲಾಸ್ಟಿಕ್ ಪ್ಲಗ್ಗು ಒಳಗೇ ಇರತ್ತಲ್ಲ, ಅದಕ್ಕೆ ಒಂದು ಸ್ಕ್ರೂ ಅರ್ಧ ತಿರುಗಿಸಿ ಸ್ಕ್ರೂ ತಲೆ ಹಿಡಿದು ಇಕ್ಕಳದಲ್ಲಿ ಎಳೆದ್ರೆ ಪ್ಲಗ್ಗು ಸಮೇತ ಬರತ್ತೆ. ಬರ್ಲಿಲ್ಲ ಅಂದ್ರೆ ಒಳಗೆ ದೂಡಿ ಪುಟ್ಟಿ ಹಾಕಿ, ಯಾರೂ ಬಂದು ತೆಗೆದು ನೋಡಲ್ಲ. ಪುಟ್ಟಿ ಒಂದೇ ಸಲ ಮಟ್ಟ ಮಾಡಿದ್ರೆ ಒಣಗಿದ ಮೇಲೆ ಗುಂಡಿ ಬೀಳತ್ತೆ, ಎರಡು ಕೋಟು ಹಾಕಿ ಸ್ಯಾಂಡ್ ಪೇಪರ್ ಉಜ್ಜಿದ್ರೆ ನೀಟು.

ಬಾಲ್ಕನಿ ಸಾಮಾನು ತೆಗೆಯೋ ಮುಂಚೆ ಕುಂಡದ ಹಿಂದೆ, ಎಸಿ ಯೂನಿಟ್ ಮೇಲೆ ಒಮ್ಮೆ ಇಣುಕಿ. ಹಕ್ಕಿ ಗೂಡು ಕಟ್ಟೋ ಕಾಲ ಇದು, ಮೊಟ್ಟೆ ಇದ್ರೆ ಆ ಕುಂಡ ಮುಟ್ಟೋ ಹಾಗಿಲ್ಲ. ಗಿಡಗಳೂ ಅಷ್ಟೇ, ಹೊಸ ಚಿಗುರು ಬಂದಿರತ್ತೆ, ಸ್ವಲ್ಪ ತಾಗಿದ್ರೂ ಮುರಿಯತ್ತೆ, ಹಳೇ ಬೆಡ್‌ಶೀಟನ್ನ ಕೋನ್ ತರ ಸುತ್ತಿ ಮೇಲಕ್ಕೆ ಕಟ್ಟಿದೆ.

ಡಬ್ಬ

ಇದ್ರಲ್ಲಿ ಹೆಚ್ಚು ಹೇಳೋಕೇನಿಲ್ಲ, ಪುಸ್ತಕದ ವಿಷ್ಯ ಒಂದು ಬಿಟ್ರೆ. 500 ಹಾಳೆಯ ಎ4 ಬಂಡಲ್ಲು ಎರಡೂವರೆ ಕೆಜಿ ತೂಗತ್ತೆ. ಆ ಲೆಕ್ಕದಲ್ಲಿ ಮೂರೂ ಕಡೆ 40 ಸೆಂ.ಮೀ. ಇರೋ ಡಬ್ಬಕ್ಕೆ ಗ್ಯಾಪಿಲ್ಲದ ಹಾಗೆ ಪೇಪರ್ ತುಂಬಿದ್ರೆ 50 ಕೆಜಿ ಆಗತ್ತೆ, ಪುಸ್ತಕ ಅಂದ್ರೆ ಸಂದಿ ಗಿಂದಿ ಇದ್ರೂ 40 ಅಂತೂ ದಾಟತ್ತೆ. ಎತ್ತೋರ ಸೊಂಟ, ಡಬ್ಬದ ತಳ ಎರಡೂ ಕಿತ್ತೋಗತ್ತೆ. ಪುಸ್ತಕಕ್ಕೆ ಚಿಕ್ಕ ಡಬ್ಬ, ಇಲ್ಲಾಂದ್ರೆ ಚಕ್ರ ಇರೋ ಸೂಟ್‌ಕೇಸು. ದೊಡ್ಡ ಡಬ್ಬಕ್ಕೆ ರಗ್ಗು, ದಿಂಬು, ಸ್ವೆಟರ್, ಅವುಗಳ ಮಧ್ಯೆ ಗಾಜಿನ ಸಾಮಾನು, ಬಬಲ್ ರ್ಯಾಪ್ ಅರ್ಧ ಉಳೀತು. ತಟ್ಟೆಗಳು ಒಂದ್ರ ಮೇಲೊಂದು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ.

ರಟ್ಟಿನ ಡಬ್ಬದ ಬಲ ಎಲ್ಲಾ ಅದ್ರ ನಾಲ್ಕು ಮೂಲೇಲಿ, ಹಾಗಾಗಿ ಮೇಲಿನ ಡಬ್ಬದ ಮೂಲೆ ಕೆಳಗಿನದ್ರ ಮೂಲೆ ಮೇಲೇ ಕೂರ್ಬೇಕು. ತೇವ ಹೀರಿದ ರಟ್ಟು ತುಂಬಾ ಮೆತ್ತಗಾಗತ್ತೆ, ಮೋಡ ಕಂಡ್ರೆ ಡಬ್ಬಗಳನ್ನ ನೇರ ನೆಲದ ಮೇಲೆ ಇಡ್ಬೇಡಿ, ಹೊರಗಂತೂ ಬೇಡ್ವೇ ಬೇಡ. ನಾನು ಒಂದು ಟಾರ್ಪಾಲಿನ್ ರೆಡಿ ಇಟ್ಕೊಂಡಿದ್ದೆ, ಗಾಡಿಯಿಂದ ಬಾಗಿಲ ತನಕ ಚಪ್ಪರ ತರ ಕಟ್ಟೋಕೆ ಹಗ್ಗ ಸಮೇತ.

ಮಷಿನ್‌ಗಳು

ವಾಷಿಂಗ್ ಮಷಿನ್ ಫ್ರಂಟ್ ಲೋಡು. ಒಳಗಿನ ಡ್ರಮ್ಮು ಸ್ಪ್ರಿಂಗಲ್ಲಿ ತೂಗ್ತಾ ಇರತ್ತೆ, ಹಾಗೇ ಗಾಡಿಗೆ ಹಾಕಿದ್ರೆ ದಾರಿಯುದ್ದಕ್ಕೂ ಬಡ್ಕೊಂಡು ಸಸ್ಪೆನ್ಷನ್ ಹಾಳಾಗತ್ತೆ. ಹೊಸದಾಗಿ ಬಂದಾಗ ಹಿಂದೆ ಉದ್ದುದ್ದ ಬೋಲ್ಟು ಇದ್ವಲ್ಲ, ಟ್ರಾನ್ಸಿಟ್ ಬೋಲ್ಟು ಅಂತಾರೆ, ಅವನ್ನೇ ವಾಪಸ್ ಹಾಕಿ ಟೈಟ್ ಮಾಡ್ಬೇಕು. ಜೋಪಾನ ಮಾಡಿಟ್ಟಿದ್ದು ಈಗ ಉಪಯೋಗಕ್ಕೆ ಬಂತು. ನಲ್ಲಿ ಬಂದ್ ಮಾಡಿ, ಪೈಪ್ ಬಿಚ್ಚಿ, ಮುಂದೆ ಕೆಳಗಿರೋ ಫಿಲ್ಟರ್ ತೆಗೆದು ಒಳಗಿನ ನೀರು ಬಸಿದೆ, ಅಗಲವಾದ ಟ್ರೇ ಇಡಿ, ನೀವಂದುಕೊಂಡಿದ್ದಕ್ಕಿಂತ ಜಾಸ್ತಿ ನೀರು ಬರತ್ತೆ. ಹೊಸ ಮನೇಲಿ ಆನ್ ಮಾಡೋ ಮುಂಚೆ ಬೋಲ್ಟು ತೆಗೀಲೇಬೇಕು, ಇಲ್ದಿದ್ರೆ ಸ್ಪಿನ್ ಬಂದಾಗ ಮಷಿನ್ ಮನೆ ತುಂಬಾ ಕುಣಿಯತ್ತೆ. ಮರೀಬಾರ್ದು ಅಂತ ಪ್ಲಗ್ಗಿಗೇ ಚೀಟಿ ಕಟ್ಟಿದೆ.

ಫ್ರಿಜ್ಜು ಹಿಂದಿನ ದಿನಾನೇ ಆಫ್ ಮಾಡಿ ಬಾಗಿಲು ತೆಗೆದಿಟ್ಟು ಐಸು ಕರಗಿಸ್ದೆ. ಚಾಕು ಹಾಕಿ ಐಸ್ ಕೆರೆಯೋಕೆ ಹೋಗ್ಬೇಡಿ, ಈಗಿನ ಎಷ್ಟೋ ಫ್ರಿಜ್ಜಲ್ಲಿರೋದು ಆರ್600ಎ, ಅಂದ್ರೆ ಐಸೋಬ್ಯುಟೇನ್, ಹೊತ್ಕೊಳ್ಳೋ ಗ್ಯಾಸು, ಪೈಪ್ ತೂತಾದ್ರೆ ಫ್ರಿಜ್ಜೂ ಹೋಯ್ತು ಅಪಾಯಾನೂ ಬಂತು. ನಿಲ್ಲಿಸ್ಕೊಂಡೇ ಸಾಗಿಸ್ಬೇಕು, ಮಲಗಿಸಿದ್ರೆ ಕಂಪ್ರೆಸರ್ ಎಣ್ಣೆ ಪೈಪುಗಳಿಗೆ ಹರಿಯತ್ತೆ. ಬೇರೆ ದಾರಿ ಇಲ್ದೆ ಮಲಗಿಸಿದ್ರೆ ತಂದು ನಿಲ್ಲಿಸಿ ಮಾರನೇ ದಿನ ಆನ್ ಮಾಡೋದು ಸೇಫು.

ಲೋಡಿಂಗ್ ದಿನ

ಗಾಡಿಗೆ ಹತ್ತಿಸೋ ಆರ್ಡರ್ ಉಲ್ಟಾ. ಭಾರದ್ದು ಡ್ರೈವರ್ ಕ್ಯಾಬಿನ್ ಕಡೆಗೆ, ಎರಡೂ ಪಕ್ಕ ಸಮ ಆಗೋ ಹಾಗೆ, ವಾರ್ಡ್‌ರೋಬ್ ಪ್ಯಾನೆಲ್ಲುಗಳು ಪಕ್ಕದ ಗೋಡೆಗೆ ನಿಲ್ಲಿಸಿ ಹಗ್ಗ ಕಟ್ಟಿದ್ದು, ಟಿವಿ ಹಾಸಿಗೆಗೆ ಒರಗಿಸಿ ನಿಂತ ಹಾಗೇ. ಮಂಚದ ತುಂಡು, ಟೂಲ್ ಬಾಕ್ಸು ಕೊನೇಲಿ ಹತ್ತಿದ್ದು, ಹಾಗಾಗಿ ಮೊದ್ಲು ಇಳಿದಿದ್ದು. ಸ್ಕ್ರೂ ಡಬ್ಬ ನನ್ ಕಾಲ ಹತ್ರಾನೇ ಇತ್ತು.

ಸೋಫಾ ರಟ್ಟಲ್ಲಿ ಹೋದ ಹಾಗೇ ಹೋಯ್ತು. ಚೌಕಟ್ಟಿಗೆ ಹಳೇ ರಗ್ಗು ಸುತ್ತಿದ್ವಿ, ಒಂದು ಗೀರೂ ಬೀಳ್ಲಿಲ್ಲ. ಭಾಮೈದ ಏನೂ ಮಾತಾಡ್ದೆ ಹೋಗಿ ನೀರು ಕುಡಿದು ಬಂದ.

ಹೊರಗೆ ಗಾಳಿ ತಣ್ಣಗಿದ್ದು ಮನೆ ಒಳಗೆ ಬೆಚ್ಚಗಿದ್ರೆ ಟಿವಿ, ಕಂಪ್ಯೂಟರ್ ಒಳಗೆ ತಂದ ಕೂಡ್ಲೇ ಆನ್ ಮಾಡ್ಬಾರ್ದು, ತಣ್ಣಗಿರೋ ಬೋರ್ಡಿನ ಮೇಲೆ ತೇವ ಕಟ್ಟತ್ತೆ. ರೂಮಿನ ಬಿಸಿಗೆ ಬರೋ ತನಕ ಪ್ಯಾಕಿಂಗಲ್ಲೇ ಬಿಟ್ಟೆ.

ಜೋಡಣೆ, ರಿಪೇರಿ

ಮಂಚ ಮೊದ್ಲು ಆಯ್ತು. ವಾರ್ಡ್‌ರೋಬಿಗೆ ಬಂದಾಗ ರಿಪೇರಿ ಕಾದಿತ್ತು, ಒಂದು ಬಾಗಿಲಿನ ಹಿಂಜ್ ಪ್ಲೇಟಿನ ತೂತು ಎರಡೂ ಸಡಿಲ, ಸ್ಕ್ರೂ ಸುತ್ತತ್ತೆ ಹಿಡಿಯಲ್ಲ. ಬೆಂಕಿಕಡ್ಡಿ ಗೋಂದು ಹಾಕಿ ತುರುಕಿದ್ರೆ ಸಣ್ಣ ಪುಟ್ಟದ್ದಕ್ಕೆ ನಡೆಯತ್ತೆ, ಆದ್ರೆ ಬಾಗಿಲಿನ ಭಾರ ಹೊರೋ ಜಾಗಕ್ಕೆ ನನಗೆ ಅದು ನಂಬಿಕೆ ಇಲ್ಲ. ತೂತನ್ನ 8 ಎಂಎಂ ಡ್ರಿಲ್ ಬಿಟ್ಟಲ್ಲಿ ದೊಡ್ಡದು ಮಾಡಿ, ಬಿಟ್ಟಿಗೆ ಆಳದ ಗುರುತಿಗೆ ಟೇಪ್ ಸುತ್ಕೊಂಡು (18 ಎಂಎಂ ಬೋರ್ಡು, ಆಚೆ ಕಡೆ ಹೊರಗೆ ಬಂದ್ರೆ ಮುಗೀತು), ಒಳಗಿನ ಪುಡಿ ಊದಿ ತೆಗೆದು, ಮರದ ಗೋಂದು ಹಚ್ಚಿದ 8 ಎಂಎಂ ಗೂಟ ಕುಟ್ಟಿದೆ. ಮೇಲೆ ಉಳಿದಿದ್ದನ್ನ ಗರಗಸದಲ್ಲಿ ಮಟ್ಟಕ್ಕೆ ಕತ್ತರಿಸಿ ರಾತ್ರಿ ಪೂರ್ತಿ ಒಣಗೋಕೆ ಬಿಟ್ಟೆ. ಬೆಳಿಗ್ಗೆ ಮಧ್ಯಕ್ಕೆ 2.5 ಎಂಎಂ ಪೈಲಟ್ ತೂತು (ಸ್ಕ್ರೂಗೆ ದಾರಿ ಮಾಡೋ ಸಣ್ಣ ತೂತು), 4 ಎಂಎಂ ಸ್ಕ್ರೂ, ಹೊಸದರಂಗೆ ಹಿಡೀತು. ನಿಜ ಹೇಳ್ಬೇಕಂದ್ರೆ ಫ್ಯಾಕ್ಟರಿ ಹಾಕಿದ್ದಕ್ಕಿಂತ ಗಟ್ಟಿ.

ವಾರ್ಡ್‌ರೋಬ್ ಸಾಮಾನ್ಯವಾಗಿ ನೆಲದ ಮೇಲೆ ಮಲಗಿಸಿ ಜೋಡಿಸಿ ಆಮೇಲೆ ಎತ್ತಿ ನಿಲ್ಲಿಸ್ತಾರೆ. ಇಲ್ಲೊಂದು ಸಂಗತಿ ಇದೆ, ಎತ್ತುವಾಗ ಅದ್ರ ಮೂಲೆಯಿಂದ ಮೂಲೆಗೆ ಇರೋ ಉದ್ದ ಸೀಲಿಂಗ್ ಕೆಳಗೆ ಹಾಯಬೇಕು. 220 ಎತ್ತರ 60 ದಪ್ಪದ ಪೆಟ್ಟಿಗೆಯ ಮೂಲೆ ಅಳತೆ 228 ಸೆಂ.ಮೀ. ಸೀಲಿಂಗು 225 ಇದ್ರೆ ನಿಂತಾಗ ಆರಾಮಾಗಿ ಕೂರತ್ತೆ, ಆದ್ರೆ ನಿಲ್ಲಿಸೋಕೇ ಆಗಲ್ಲ. ನಮ್ಮ ರೂಮಲ್ಲಿ ಜಾಗ ಸಾಕಷ್ಟಿತ್ತು, ಲೈಟ್ ಒಂದು ಅಡ್ಡ ಬರ್ತಿತ್ತು, ಅದನ್ನ ಮೊದ್ಲೇ ಬಿಚ್ಚಿಟ್ಟೆ. ಕಡಿಮೆ ಎತ್ತರದ ರೂಮಾದ್ರೆ ಸೈಡ್ ಪ್ಯಾನೆಲ್ ನಿಲ್ಲಿಸಿಕೊಂಡೇ ಜೋಡಿಸ್ಬೇಕು, ಅದಕ್ಕೆ ಮೂರು ಜನ ಬೇಕು, ತಾಳ್ಮೆ ಅದಕ್ಕಿಂತ ಜಾಸ್ತಿ ಬೇಕು.

ಹಿಂದಿನ ಶೀಟಿಗೆ ಮೊಳೆ ಹೊಡೆಯೋ ಮುಂಚೆ ಪೆಟ್ಟಿಗೆಯ ಎರಡೂ ಮೂಲೆ ಅಳತೆ ತಗೊಳ್ಳಿ, ಮೇಲಿನ ಎಡದಿಂದ ಕೆಳಗಿನ ಬಲಕ್ಕೆ, ಆಮೇಲೆ ಅದ್ರ ಉಲ್ಟಾ. ಎರಡೂ ಒಂದೇ ಬಂದ್ರೆ ಚೌಕ ಸರಿ ಇದೆ. ನಮ್ಮದು ಸುಮಾರು 6 ಎಂಎಂ ವ್ಯತ್ಯಾಸ ತೋರಿಸ್ತು, ಉದ್ದ ಇರೋ ಮೂಲೆಗೆ ಕೈ ಕೊಟ್ಟು ಮೆಲ್ಲಗೆ ಒತ್ತಿ ಸಮ ಮಾಡಿ ಆ ಹಿಡಿತದಲ್ಲೇ ಮೊಳೆ ಹೊಡೆದ್ವಿ. ಹಳೇ ತೂತುಗಳ ಪಕ್ಕ ಹೊಸ ಜಾಗದಲ್ಲಿ, ಮೊಳೆ ಬದ್ಲು ಅಗಲ ತಲೆಯ ಸಣ್ಣ ಸ್ಕ್ರೂ ಹಾಕಿದ್ರೆ ಇನ್ನೂ ಒಳ್ಳೇದು, ಮುಂದಿನ ಸಲ ಬಿಚ್ಚೋಕೂ ಸುಲಭ.

ನಿಲ್ಲಿಸಿದ ಮೇಲೆ ಬಾಗಿಲುಗಳು ಒಂದು ಮೇಲೆ ಒಂದು ಕೆಳಗೆ ಕಾಣ್ತಿದ್ವು. ಹೆಂಡ್ತಿ ನೋಡಿ "ರೀ, ಇದು ಮೊದ್ಲಿನ ಹಾಗಿಲ್ಲ" ಅಂದ್ಲು. ಹಿಂಜಿನ ಸ್ಕ್ರೂ ಮುಟ್ಟೋಕೆ ಮುಂಚೆ ಸ್ಪಿರಿಟ್ ಲೆವೆಲ್ ಇಟ್ಟು ನೋಡ್ದೆ, ನೆಲಾನೇ ಒಂದು ಕಡೆ ಇಳಿಜಾರು. ಕಾಲಿನ ಕೆಳಗೆ ತೆಳು ಪ್ಲಾಸ್ಟಿಕ್ ತುಂಡು ಕೊಟ್ಟು ಲೆವೆಲ್ ಮಾಡ್ತಿದ್ದ ಹಾಗೇ ಅರ್ಧ ಸಮಸ್ಯೆ ತಾನೇ ಸರಿಹೋಯ್ತು. ಉಳಿದದ್ದು ಹಿಂಜಲ್ಲಿ, ಒಂದು ಸ್ಕ್ರೂ ಬಾಗಿಲನ್ನ ಎಡಬಲ ಸರಿಸತ್ತೆ, ಇನ್ನೊಂದು ಒಳಗೆ ಹೊರಗೆ, ಪ್ಲೇಟಿನ ಸ್ಕ್ರೂ ಸಡಿಲಿಸಿದ್ರೆ ಮೇಲೆ ಕೆಳಗೆ. ಕಾಲು ಸುತ್ತು ತಿರುಗಿಸೋದು, ಮುಚ್ಚಿ ನೋಡೋದು, ಮತ್ತೆ ಕಾಲು ಸುತ್ತು. ಎಲ್ಲಾ ಆದ್ಮೇಲೆ ಮೇಲ್ಗಡೆ ಎಲ್ ಬ್ರಾಕೆಟ್ ಹಾಕಿ ಗೋಡೆಗೆ ಫಿಕ್ಸ್ ಮಾಡಿದೀನಿ, ಮಕ್ಕಳು ಡ್ರಾಯರ್ ಎಳೆದು ಅದ್ರ ಮೇಲೆ ಕಾಲಿಟ್ಟು ಹತ್ತಿದ್ರೆ ಇಂಥಾ ಬೀರು ಮುಂದಕ್ಕೆ ಬಗ್ಗತ್ತೆ, ಅದನ್ನ ಯಾರೂ ಮುಂದೂಡ್ಬೇಡಿ.

ಬಾಕಿ ಇರೋದು ಕೆಳಗಿನ ಒಂದು ಹಲಗೆ, ಹಳೇ ಮನೇಲೇ ನೆಲ ಒರೆಸೋ ನೀರು ಕುಡಿದು ಅಂಚು ಊದಿದೆ. ಊದಿದ ಪಾರ್ಟಿಕಲ್ ಬೋರ್ಡ್ ವಾಪಸ್ ಕೂರಲ್ಲ, ಆ ಭಾಗ ಕತ್ತರಿಸಿ ಪ್ಲೈವುಡ್ ಪಟ್ಟಿ ಕೂರಿಸ್ಬೇಕು. ಪಟ್ಟಿ ಅಳತೆಗೆ ಕತ್ತರಿಸಿ ಇಟ್ಟಾಗಿದೆ, ಅಂಚಿಗೆ ಸೀಲರ್ ಹಚ್ಚಿದ್ದು ಒಣಗ್ತಿದೆ.